ಘಾಟಿ ಹತ್ತುವಾಗ ಪಿಕಪ್ ಹೀಟ್ ಆಗುತ್ತಿದೆ, ಇಂಜಿನ್ ಬಿಚ್ಚಿಸಬೇಕಾ?

ಪ್ರಶ್ನೆ: ಬೆಳ್ತಂಗಡಿ ಕಡೆ ನಮ್ಮದು ಶಾಮಿಯಾನ, ಕುರ್ಚಿ, ಜನರೇಟರ್ ಬಾಡಿಗೆಗೆ ಕೊಡುವ ವ್ಯವಹಾರ. 2017ರ ಡೀಸೆಲ್ ಪಿಕಪ್ ಇದೆ, 1.6 ಲಕ್ಷ ಕಿಲೋಮೀಟರ್ ಓಡಿದೆ. ಮದುವೆ ಸೀಸನ್‌ನಲ್ಲಿ ಸಾಮಾನು ತುಂಬಿ, ಹಿಂದೆ ಜನರೇಟರ್ ಟ್ರಾಲಿ ಕಟ್ಟಿಕೊಂಡು ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ ಕಡೆಗೆ ಹೋಗುತ್ತೇವೆ. ಇದೇ ಲೋಡ್ ಹಾಕಿ ಮಂಗಳೂರಿಗೆ ಹೋದರೆ ಏನೂ ತೊಂದರೆ ಇಲ್ಲ. ಘಾಟಿ ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಬರುತ್ತದೆ. ಗಾಡಿ ಓಡಿಸುವುದು ನನ್ನ ಭಾವ. ಇಂಜಿನ್‌ಗೆ ಕಷ್ಟ ಆಗಬಾರದು ಅಂತ ಮೂರನೇ ಗೇರಿನಲ್ಲೇ, ರೇಸ್ ಏರದ ಹಾಗೆ ಹತ್ತಿಸುತ್ತಾರೆ. ಹೀಟ್ ಆದ ಕೂಡಲೇ ಬದಿಗೆ ಹಾಕಿ ಆಫ್ ಮಾಡುತ್ತಾರೆ. ಆಫ್ ಮಾಡಿದ ಮೇಲೆಯೇ ಒಳಗೆ ಕೊತಕೊತ ಕುದಿಯುವ ಸದ್ದು ಬರುತ್ತದೆ, ಬಾಟಲಿ ತುಂಬಿ ನೀರು ಹೊರಗೆ ಚೆಲ್ಲುತ್ತದೆ. ಪ್ರತಿ ಸಲ ಅರ್ಧ ಲೀಟರಿನಷ್ಟು ನೀರು ಹಾಕಬೇಕು. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಬಿಟ್ಟರು, ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಬ್ಬರು ಕೂಲಂಟ್ ಬೇಡ, ಬರೀ ನೀರು ಹಾಕಿ ಅಂದರು. ಮತ್ತೊಬ್ಬರು ದೊಡ್ಡ ರೇಡಿಯೇಟರ್ ಹಾಕಿಸಿ ಅನ್ನುತ್ತಾರೆ. ಇಂಜಿನ್ ಬೋರ್‌ಗೆ ಬಂತಾ? ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ. ಬೋರ್ (ಸಿಲಿಂಡರಿನ ಒಳಗೋಡೆ) ಸವೆದ ಇಂಜಿನ್ ಹೊಗೆ ಉಗುಳುತ್ತದೆ, ಆಯಿಲ್ ಕುಡಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನೀವು ಇದ್ಯಾವುದನ್ನೂ ಬರೆದಿಲ್ಲ. ಸಮತಟ್ಟು ದಾರಿಯಲ್ಲಿ ಸರಿಯಾಗಿದ್ದು ಘಾಟಿಯಲ್ಲಿ ಮಾತ್ರ ಹೀಟ್ ಆಗುವ ಗಾಡಿಯಲ್ಲಿ ತೊಂದರೆ ಹೆಚ್ಚಾಗಿ ಇಂಜಿನ್ನಿನ ಹೊಟ್ಟೆಯೊಳಗೆ ಇರುವುದಿಲ್ಲ. ಅದರ ಮೂತಿಯ ಹತ್ತಿರ, ಅಂದರೆ ರೇಡಿಯೇಟರ್, ಫ್ಯಾನ್, ಕ್ಯಾಪ್ ಇವುಗಳಲ್ಲಿ ಇರುತ್ತದೆ. ಉಳಿದ ಪಾಲು ಡ್ರೈವರ್ ಸೀಟಿನಲ್ಲಿ. ಹಾಗಂತ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿಲ್ಲ ಅಂತ ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಅದನ್ನು ಮನೆಯಲ್ಲೇ ಪರೀಕ್ಷೆ ಮಾಡುವ ರೀತಿ ಮುಂದೆ ಹೇಳುತ್ತೇನೆ.

ಭಾವನವರು ಹತ್ತಿಸುವ ರೀತಿಯಿಂದ ಶುರು ಮಾಡೋಣ. ರೇಸ್ ಕಮ್ಮಿ ಇದ್ದರೆ ಇಂಜಿನ್ ತಣ್ಣಗಿರುತ್ತದೆ ಅನ್ನುವುದು ನಮ್ಮ ಡ್ರೈವರ್‌ಗಳಲ್ಲಿ ಬಹಳ ಗಟ್ಟಿಯಾಗಿ ಕೂತ ನಂಬಿಕೆ. ಖಾಲಿ ಗಾಡಿಗೆ, ನೇರ ರಸ್ತೆಗೆ ಅದು ಸರಿ. ಲೋಡ್ ಇಟ್ಟುಕೊಂಡು ಏರುವಾಗ ಪೂರ್ತಿ ಉಲ್ಟಾ.

ಸ್ವಲ್ಪ ಲೆಕ್ಕ ಹಾಕೋಣ. ಗಾಡಿ, ಸಾಮಾನು, ಟ್ರಾಲಿ ಎಲ್ಲ ಸೇರಿ 4 ಟನ್ ಅಂದುಕೊಳ್ಳಿ. 100 ಅಡಿ ಮುಂದೆ ಹೋದರೆ 6 ಅಡಿ ಏರುವ ದಾರಿ. ಇಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಚಕ್ರಕ್ಕೆ ಸುಮಾರು 42 ಹಾರ್ಸ್‌ಪವರ್ ಬೇಕು. 25ರಲ್ಲಿ ಹತ್ತಿದರೆ 27 ಸಾಕು. ಡೀಸೆಲ್ ಇಂಜಿನ್‌ನಲ್ಲಿ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೋ ಹೆಚ್ಚು ಕಡಿಮೆ ಅಷ್ಟೇ ಶಾಖ ರೇಡಿಯೇಟರ್ ನೀರಿಗೆ ಸೇರುತ್ತದೆ, ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ. 40ರಲ್ಲಿ ಹತ್ತುವಾಗ ಆ ರೇಡಿಯೇಟರ್ ಮನೆಯ 2 ಕಿಲೋವಾಟ್ ಗೀಸರ್ 15 ಒಟ್ಟಿಗೆ ಹಾಕಿದಷ್ಟು ಶಾಖವನ್ನು ಹೊರಗೆ ತಳ್ಳಬೇಕು. 25ರಲ್ಲಿ 10 ಗೀಸರಿನಷ್ಟು. ಅಂದರೆ ಗಾಡಿಯ ವೇಗ ಇಳಿಸಿದರೆ ಮೂರನೇ ಒಂದು ಭಾಗ ಶಾಖ ಹುಟ್ಟುವುದೇ ಇಲ್ಲ.

ಇದು ಶಾಖ ಹುಟ್ಟುವ ಕಡೆಯ ಲೆಕ್ಕ. ಹೊರಗೆ ಹೋಗುವ ಕಡೆ ಏನಾಗುತ್ತದೆ? ಮಂಗಳೂರು ರಸ್ತೆಯಲ್ಲಿ 60ರಲ್ಲಿ ಹೋಗುವಾಗ ಗಾಳಿ ತಾನಾಗಿಯೇ ಗ್ರಿಲ್ಲಿಗೆ ನುಗ್ಗುತ್ತದೆ. ಫ್ಯಾನ್ ಅರ್ಧ ಸತ್ತಿದ್ದರೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಆ ಗಾಳಿ ಇಲ್ಲ. ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದ್ದರೆ ಇನ್ನೂ ಕಷ್ಟ. ಆಗ ಇರುವುದು ಫ್ಯಾನ್ ಒಂದೇ. ನಿಮ್ಮ ಗಾಡಿಯ ಫ್ಯಾನ್ ಬೆಲ್ಟಿನಿಂದ ತಿರುಗುವ ಜಾತಿಯದ್ದಾದರೆ ಅದು, ವಾಟರ್ ಪಂಪ್, ಎರಡೂ ಇಂಜಿನ್ ತಿರುಗಿದಷ್ಟೇ ಕೆಲಸ ಮಾಡುತ್ತವೆ. ಮೂರನೇ ಗೇರಿನಲ್ಲಿ 1,400 ಆರ್‌ಪಿಎಂ ಇರುವ ವೇಗಕ್ಕೆ ಎರಡನೇ ಗೇರಿನಲ್ಲಿ 2,200ರ ಹತ್ತಿರ ಇರುತ್ತದೆ. ಗಾಡಿಯ ವೇಗ ಅದೇ, ಬೇಕಾದ ಶಕ್ತಿಯೂ ಅದೇ. ಆದರೆ ಗಾಳಿ ಮತ್ತು ನೀರಿನ ಓಟ ಒಂದೂವರೆ ಪಟ್ಟು. ಇನ್ನೊಂದು ವಿಷಯ ಇದೆ. ಕಮ್ಮಿ ಆರ್‌ಪಿಎಂನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಟರ್ಬೋ ಸಾಕಷ್ಟು ಗಾಳಿ ಕೊಡುವುದಿಲ್ಲ. ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಹೆಡ್ ಹತ್ತಿರ ಶಾಖ ಏರುತ್ತದೆ. ಹಿಂದೆ ಬರುವವರನ್ನು ಕೇಳಿ ನೋಡಿ, ಹೊಗೆ ಕಂಡಿರುತ್ತದೆ.

ಆದ್ದರಿಂದ ಭಾವನವರಿಗೆ ಹೇಳಿ: ಗಾಡಿ ನಿಧಾನ ಇರಲಿ, ಇಂಜಿನ್ ನಿಧಾನ ಬೇಡ. ತಿರುವು ಬರುವ ಮೊದಲೇ ಎರಡನೇ ಗೇರ್, 2,000ದಿಂದ 2,500ರ ಮಧ್ಯೆ ಆರ್‌ಪಿಎಂ, ಅರ್ಧ ಎಕ್ಸಲರೇಟರ್. ಕಡಿದಾದ ಹೇರ್‌ಪಿನ್ ತಿರುವಿನಲ್ಲಿ ಒಂದನೇ ಗೇರ್ ಆದರೂ ನಾಚಿಕೆ ಬೇಡ. ಸದ್ದು ಜಾಸ್ತಿ ಬರುತ್ತದೆ, ಅದಕ್ಕೇ ಜನ ಹೆದರುವುದು. ಡೀಸೆಲ್ ಇಂಜಿನ್‌ಗೆ ಆ ಆರ್‌ಪಿಎಂ ಏನೂ ಅಲ್ಲ.

ಎರಡನೆಯದು, ನಿಲ್ಲಿಸಿದ ಕೂಡಲೇ ಆಫ್ ಮಾಡುವುದು. ಆಫ್ ಮಾಡಿದ ಮೇಲೆಯೇ ಕುದಿಯುವ ಸದ್ದು ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಕಾರಣ ಇಷ್ಟೇ. ಹೆಡ್ಡಿನ ಲೋಹ ನೀರಿಗಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಪಂಪ್ ನಿಂತಾಗ ಅಲ್ಲಿ ಸಿಕ್ಕಿಬಿದ್ದ ನೀರು ಅಲ್ಲೇ ಕುದಿಯುತ್ತದೆ. ಟರ್ಬೋ ಒಳಗೆ ನಿಂತ ಆಯಿಲ್ ಕೂಡ ಸುಟ್ಟು ಕರಿ ಕಟ್ಟುತ್ತದೆ. ಲೋಡ್ ಇಲ್ಲದೆ ಸುಮ್ನೆ ತಿರುಗುವ ಡೀಸೆಲ್ ಇಂಜಿನ್ ಬಹಳ ಕಮ್ಮಿ ಶಾಖ ಹುಟ್ಟಿಸುತ್ತದೆ. ಹಾಗಾಗಿ ಮುಳ್ಳು ಏರಿದಾಗ ಬದಿಗೆ ಹಾಕಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, 1,200 ಆರ್‌ಪಿಎಂ ಸುತ್ತ ಓಡಲು ಬಿಡಿ. ಕೆಲವೇ ನಿಮಿಷದಲ್ಲಿ ಮುಳ್ಳು ಇಳಿಯಬೇಕು.

ಇದಕ್ಕೆ ಒಂದು ಅಪವಾದ ಇದೆ, ಗಮನ ಇಟ್ಟು ಓದಿ. ಬೆಲ್ಟ್ ತುಂಡಾಗಿದ್ದರೆ, ಹೋಸ್ ಒಡೆದು ನೀರು ಸುರಿಯುತ್ತಿದ್ದರೆ, ಬಾನೆಟ್ ಸಂದಿನಿಂದ ಹಬೆ ನುಗ್ಗುತ್ತಿದ್ದರೆ, ಅಥವಾ ಐಡಲ್‌ನಲ್ಲಿ ಇಟ್ಟರೂ ಮುಳ್ಳು ಏರುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ನೀರಿಲ್ಲದ ಇಂಜಿನ್ ಓಡಿಸಿದರೆ ಹೆಡ್ ಬಾಗುವುದು ನಿಮಿಷಗಳ ಮಾತು. ಆಮೇಲೆ ಅರ್ಧ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಒದ್ದೆ ಬಟ್ಟೆ ಹಿಡಿದು ತೆಗೆದರೂ ಮುಖ, ಕೈ ಸುಡುತ್ತದೆ. ಬಿಸಿ ಇಂಜಿನ್ ಮೇಲೆ ತೊರೆಯ ನೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುವುದು ಹಾಗೇ.

ಈಗ ಆ ಅರ್ಧ ಲೀಟರ್ ನೀರು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಾಲು ಅದು. ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದು ಗೊತ್ತಾದರೆ ರೋಗ ಗೊತ್ತಾದ ಹಾಗೆ.

ನನ್ನ ಮೊದಲ ಅನುಮಾನ ರೇಡಿಯೇಟರ್ ಕ್ಯಾಪ್ ಮೇಲೆ. ಜನ ಅದನ್ನು ಬರೀ ಮುಚ್ಚಳ ಅಂದುಕೊಂಡಿದ್ದಾರೆ. ಅದು ಪ್ರೆಶರ್ ವಾಲ್ವ್. ಕಡಲ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆ. ಘಾಟಿಯ ತಲೆಯಲ್ಲಿ ತೆರೆದ ಪಾತ್ರೆಯ ನೀರು 97ರ ಸುತ್ತ ಕುದಿಯುತ್ತದೆ. ಸರಿಯಾದ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 118 ಡಿಗ್ರಿಯ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಅರ್ಧ ಕೂಲಂಟ್ ಬೆರೆಸಿದ್ದರೆ 125 ದಾಟುತ್ತದೆ. ಕ್ಯಾಪಿನ ಸ್ಪ್ರಿಂಗ್ ಸೋತರೆ, ರಬ್ಬರ್ ಬಿರುಕು ಬಿಟ್ಟರೆ ಒತ್ತಡದಿಂದ ಸಿಗುವ ಸುಮಾರು 20 ಡಿಗ್ರಿಯ ರಕ್ಷಣೆ ಪೂರ್ತಿ ಹೋಯಿತು. ಇಂಜಿನ್ ಸಹಜವಾಗಿ ಬಿಸಿಯಾಗುವ ಮಟ್ಟದಲ್ಲೇ ನೀರು ಕುದಿಯತೊಡಗುತ್ತದೆ. ಹೊಸ ಕ್ಯಾಪಿಗೆ ಕೆಲವು ನೂರು ರೂಪಾಯಿ. ಹಳೆಯದರ ಮೇಲೆ ಬರೆದ ಒತ್ತಡದ ಸಂಖ್ಯೆಯದ್ದೇ ತನ್ನಿ. ಜಾಸ್ತಿ ಒತ್ತಡದ್ದು ಹಾಕಿದರೆ ಒಳ್ಳೆಯದು ಅಂತ ಹಾಕಬೇಡಿ, ಹಳೆಯ ಹೋಸ್ ಮತ್ತು ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳುತ್ತದೆ.

ಕ್ಯಾಪ್ ರೇಡಿಯೇಟರ್ ಮೇಲೆಯೇ ಇದ್ದು, ಪಕ್ಕದಲ್ಲಿ ಬೇರೆ ಬಾಟಲಿ ಇರುವ ಗಾಡಿಯಾದರೆ ಒಂದು ಪರೀಕ್ಷೆ ಮಾಡಿ. ಘಾಟಿ ಹತ್ತಿ ಬಂದ ಮಾರನೇ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಎರಡನ್ನೂ ನೋಡಿ. ಬಾಟಲಿಯಲ್ಲಿ ನೀರಿದೆ, ರೇಡಿಯೇಟರ್ ಮಾತ್ರ ಕಮ್ಮಿ ಆಗಿದೆ ಅಂದರೆ ಹೊರಗೆ ಹೋದ ನೀರು ವಾಪಸ್ ಬರುತ್ತಿಲ್ಲ. ತಪ್ಪು ಕ್ಯಾಪಿನದ್ದು ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪಿನದ್ದು. ಎರಡೂ ಖಾಲಿ ಆಗಿದ್ದರೆ ನೀರು ಚೆಲ್ಲಿ ಹೋಗಿದೆ, ಇಲ್ಲವೇ ಎಲ್ಲೋ ಸೋರಿಕೆ ಇದೆ. ವಾಟರ್ ಪಂಪಿನ ಕೆಳಗೆ, ಹೀಟರ್ ಪೈಪಿನ ಹತ್ತಿರ, ಇಜಿಆರ್ ಕೂಲರ್ (ಹೊಗೆಯ ಒಂದು ಪಾಲನ್ನು ತಣಿಸಿ ಇಂಜಿನ್ನಿಗೆ ವಾಪಸ್ ಕಳಿಸುವ ಭಾಗ) ಹತ್ತಿರ ಬಿಳಿ ಅಥವಾ ಹಸಿರು ಕಲೆ ಹುಡುಕಿ. ಕ್ಯಾಪ್ ಬಾಟಲಿಯ ಮೇಲೆಯೇ ಇರುವ ಗಾಡಿಗಳಲ್ಲಿ ಬಾಟಲಿಗೂ ಒತ್ತಡ ಇರುತ್ತದೆ, ಅದರ ಕೀಲಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.

ಹೆಡ್ ಗ್ಯಾಸ್ಕೆಟ್ ಪರೀಕ್ಷೆಯೂ ಅದೇ ಬೆಳಿಗ್ಗೆ ಆಗಲಿ. ಕ್ಯಾಪ್ ತೆಗೆಯುವ ಮೊದಲೇ ಮೇಲಿನ ದಪ್ಪ ಹೋಸ್ ಹಿಚುಕಿ ನೋಡಿ. ರಾತ್ರಿಯಿಡೀ ತಣ್ಣಗಾದ ಮೇಲೂ ಒತ್ತಡ ನಿಂತಿದ್ದರೆ ಅನುಮಾನ ಶುರು. ನೀರು ತುಂಬಿಸಿ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ. ನೀರು ಇನ್ನೂ ಬೆಚ್ಚಗಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ನೀರಿನಲ್ಲಿ ನಿಲ್ಲದೆ ಬರುವ ಗುಳ್ಳೆ, ಬಿಸಿಯಾದ ಮೇಲೂ ಬಿಳಿ ಹೊಗೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದು ಇವೂ ಅದೇ ಕಥೆ. ಇವು ಯಾವುದೂ ಇಲ್ಲದಿದ್ದರೆ ಸದ್ಯಕ್ಕೆ ಹೆಡ್ ಬಿಚ್ಚಲು ಯಾರಿಗೂ ಒಪ್ಪಬೇಡಿ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಥರ್ಮೋಸ್ಟಾಟ್ ಅಂದರೆ ನೀರು ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಅದನ್ನು ತೆಗೆಯುವುದು ನಮ್ಮ ಕಡೆಯ ಹಳೇ ಮದ್ದು. ಅದು ಕೆಟ್ಟು ಮುಚ್ಚಿಕೊಂಡೇ ಇದ್ದರೆ ತೆಗೆದಾಗ ಗುಣ ಕಾಣುತ್ತದೆ ನಿಜ. ಆದರೆ ಹಾಗೆ ಕೆಟ್ಟಿದ್ದರೆ ಮಂಗಳೂರು ರಸ್ತೆಯಲ್ಲೂ ಹೀಟ್ ಆಗಬೇಕಿತ್ತು, ಅಲ್ವಾ? ಥರ್ಮೋಸ್ಟಾಟ್ 82 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ 95ರ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. ಘಾಟಿಯಲ್ಲಿ ಅದು ಅಡ್ಡ ಬರುವುದೇ ಇಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಅದು ರೇಡಿಯೇಟರ್ ದಾರಿ ತೆರೆಯುವಾಗಲೇ ಇಂಜಿನ್ನಿಗೆ ವಾಪಸ್ ಹೋಗುವ ಅಡ್ಡದಾರಿಯನ್ನು ಮುಚ್ಚುತ್ತದೆ. ತೆಗೆದುಬಿಟ್ಟರೆ ಆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ನೋಡದೆಯೇ ಸುತ್ತುತ್ತದೆ. ಗುಣದ ಬದಲು ಕೇಡು. ಸಮತಟ್ಟಿನಲ್ಲಿ ಇಂಜಿನ್ ಬಿಸಿಯಾಗಲು ತಡವಾಗಿ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿಸಿ.

ಬರೀ ನೀರು ಹಾಕಿ ಅಂದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಶಾಖ ಹೊರುವ ಕೆಲಸದಲ್ಲಿ ಶುದ್ಧ ನೀರು ಕೂಲಂಟ್ ಮಿಶ್ರಣಕ್ಕಿಂತ ಮೇಲು. ಆದರೆ ಕೂಲಂಟ್ ಇರುವುದು ಬರೀ ತಂಪು ಮಾಡಲಿಕ್ಕಲ್ಲ. ಕುದಿಯುವ ಮಟ್ಟ ಏರಿಸಲು, ತುಕ್ಕು ತಡೆಯಲು. ಬಾವಿ, ಬೋರ್‌ವೆಲ್ ನೀರಿನಲ್ಲಿ ಇರುವ ಲವಣ ಬಿಸಿ ಲೋಹಕ್ಕೆ ಅಂಟಿ ಪದರ ಕಟ್ಟುತ್ತದೆ. ತೆಳ್ಳಗಿನ ಪದರವಾದರೂ ಶಾಖ ನೀರಿಗೆ ದಾಟಲು ಬಿಡುವುದಿಲ್ಲ. ನೀವು ಪ್ರತಿ ಸಲ ಹಾಕುವ ಅರ್ಧ ಲೀಟರ್ ನೀರೂ ಕೂಲಂಟನ್ನು ತೆಳ್ಳಗೆ ಮಾಡುತ್ತಾ ಬಂದಿದೆ. ಒಳಗೆ ಈಗ ಕಂದು ಬಣ್ಣದ ನೀರೇ ಇರಬಹುದು. ಪೂರ್ತಿ ಫ್ಲಶ್ ಮಾಡಿಸಿ, ಕಂಪನಿ ಹೇಳಿದ ಜಾತಿಯ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧ ಅರ್ಧ ಹಾಕಿಸಿ. ನೀರು ಬೆರೆಸಿಯೇ ಮಾರುವ ಕೂಲಂಟ್ ಆದರೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ನೋಡಿ ಜಾತಿ ಹೇಳಲಾಗದು, ಹಸಿರಿಗೆ ಹಸಿರು ಅಂತ ಬೆರೆಸುವುದು ಬೇಡ. ತುಂಬಿಸುವಾಗ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಫ್ಲಶ್ ಮಾಡಿಸಿದ ಮಾರನೇ ದಿನವೇ ಹೀಟ್ ಆಗುತ್ತದೆ. ಸೋರಿಕೆ ನಿಲ್ಲಲು ಅರಿಶಿನ ಪುಡಿ, ಸೀಲ್ ಮಾಡುವ ಲಿಕ್ವಿಡ್ ಹಾಕುವವರಿದ್ದಾರೆ. ಕಾಡಿನ ಮಧ್ಯೆ ಮನೆ ಮುಟ್ಟಲು ಬೇರೆ ದಾರಿ ಇಲ್ಲದಿದ್ದರೆ ಸರಿ. ಅದು ತೂತನ್ನು ಮುಚ್ಚುವ ಹಾಗೆಯೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ದೊಡ್ಡ ರೇಡಿಯೇಟರ್? ಈಗಲೇ ಬೇಡ. ಕಂಪನಿಯ ರೇಡಿಯೇಟರ್ ಆರ್‌ಸಿಯಲ್ಲಿ ಬರೆದ ಪೂರ್ತಿ ಲೋಡಿಗೆ ಲೆಕ್ಕ ಹಾಕಿಯೇ ಇಟ್ಟದ್ದು. ಅದು ಈಗ ಆ ಕೆಲಸ ಮಾಡುತ್ತಿಲ್ಲ ಅಂದರೆ ಏಕೆ ಅಂತ ನೋಡಬೇಕು. ಎಸಿ ಇರುವ ಗಾಡಿಯಾದರೆ ಅದರ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಕೆಮ್ಮಣ್ಣಿನ ಧೂಳು, ಒಣ ಹುಲ್ಲು, ಹುಳು ಸೇರಿ ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ. ಎದುರಿನಿಂದ ನೋಡಿದರೆ ಕಾಣಿಸುವುದೇ ಇಲ್ಲ. ಇಂಜಿನ್ ಕಡೆಯಿಂದ ಹೊರಗೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್‌ನವರ ಗನ್ ಹತ್ತಿರ ಹಿಡಿದರೆ ಫಿನ್ (ರೇಡಿಯೇಟರಿನ ತೆಳ್ಳಗಿನ ತಗಡು) ಎಲ್ಲ ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಗ್ರಿಲ್ಲಿಗೆ ಸೊಳ್ಳೆ ಪರದೆಯಂಥ ಜಾಲರಿ, ಹೆಚ್ಚಿನ ಲೈಟು, ಶಾಮಿಯಾನದ ಹೆಸರಿನ ಬೋರ್ಡ್ ಕಟ್ಟಿದ್ದರೆ ಘಾಟಿ ದಿನ ಬಿಚ್ಚಿಡಿ. ಒಳಗೇ ಕೊಳವೆ ಕಟ್ಟಿದ್ದರೆ, ಹಳೇ ಹಿತ್ತಾಳೆ ರೇಡಿಯೇಟರ್ ಹಾಗೆ ಬಿಚ್ಚಿ ಸರಳು ಹಾಕಿ ತೆಗೆಯುವುದು ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರಿನಲ್ಲಿ ಸುಲಭವಲ್ಲ. ಹೊಸದೇ ಹಾಕಬೇಕು, ಅದೇ ಅಳತೆಯದ್ದು.

ಫ್ಯಾನ್ ಬಗ್ಗೆ ಎಲ್ಲ ಗ್ಯಾರೇಜಿನಲ್ಲೂ ತಾತ್ಸಾರ. ತಿರುಗುತ್ತಿದೆಯಲ್ಲ, ಸಾಕು ಅನ್ನುತ್ತಾರೆ. ಬೆಲ್ಟ್ ಫ್ಯಾನಿನ ಮಧ್ಯೆ ಸಿಲಿಕೋನ್ ಆಯಿಲ್ ತುಂಬಿದ ಕಪ್ಲಿಂಗ್ ಇದ್ದರೆ, ಬಿಸಿ ಗಾಳಿ ತಾಗಿದಾಗ ಅದು ಬಿಗಿ ಹಿಡಿದು ಫ್ಯಾನನ್ನು ಜೋರಾಗಿ ತಿರುಗಿಸಬೇಕು. ಆಯಿಲ್ ಸೋರಿ ಹೋದರೆ ಫ್ಯಾನ್ ತಿರುಗುತ್ತದೆ, ಆದರೆ ಸೋಮಾರಿಯಾಗಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಕೈಯಲ್ಲಿ ಇಟ್ಟುಕೊಂಡು, ಫ್ಯಾನ್ ಅನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಎರಡು ಮೂರು ಸುತ್ತು ಹೊಡೆದರೆ ಕಪ್ಲಿಂಗ್ ಹೋಗಿದೆ. ಸಮತಟ್ಟಿನಲ್ಲಿ ಸರಿ, ಘಾಟಿಯಲ್ಲಿ ಹೀಟ್ ಅನ್ನುವ ನಿಮ್ಮ ಲಕ್ಷಣಕ್ಕೆ ಇದಕ್ಕಿಂತ ಹೊಂದುವ ಕಾರಣ ಇನ್ನೊಂದಿಲ್ಲ. ಕರೆಂಟ್ ಫ್ಯಾನ್ ಆದರೆ ಅದು ಫುಲ್ ಸ್ಪೀಡಿಗೆ ಬರುತ್ತದೋ ನೋಡಿಸಿ, ಕೆಲವಕ್ಕೆ ಎರಡು ಸ್ಪೀಡ್ ಇರುತ್ತದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಗೂಡು ಒಡೆದಿದೆ ಅಂತ ಯಾರಾದರೂ ತೆಗೆದು ಬಿಸಾಕಿದ್ದರೆ ಅದನ್ನೂ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ಗಾಳಿಯನ್ನು ರೇಡಿಯೇಟರ್ ಮೂಲಕ ಎಳೆಯುವುದಿಲ್ಲ, ಅಲ್ಲೇ ಸುತ್ತಿಸುತ್ತದೆ.

ಮರೆತೇಹೋಗುವ ಒಂದು ಜಾಗ ನಿಮ್ಮ ಟ್ರಾಲಿ. ವರ್ಷದ ಅರ್ಧ ದಿನ ಅಂಗಳದಲ್ಲಿ ಮಳೆಗೆ ನಿಂತಿರುತ್ತದೆ. ಬೇರಿಂಗ್ ಗ್ರೀಸ್ ಒಣಗಿ, ಟೈರಿನಲ್ಲಿ ಗಾಳಿ ಕಮ್ಮಿ ಆಗಿ ಎಳೆಯಲು ಭಾರ. ಘಾಟಿ ಹತ್ತುವ ಮೊದಲು ಚಾರ್ಮಾಡಿ ಊರಿನ ಹತ್ತಿರ ನಿಲ್ಲಿಸಿ ಟ್ರಾಲಿ ಮತ್ತು ಪಿಕಪ್ಪಿನ ಚಕ್ರದ ಹಬ್ ಹತ್ತಿರ ಕೈ ತನ್ನಿ. ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಬ್ರೇಕ್ ಅಥವಾ ಬೇರಿಂಗ್ ಹಿಡಿದಿದೆ. ಆ ಹೊರೆಯೂ ಇಂಜಿನ್ ಮೇಲೆಯೇ. ನಿಮ್ಮ ಮಾಡೆಲ್ ಇಷ್ಟು ಭಾರ ಎಳೆಯಬಹುದು ಅಂತ ಕಂಪನಿಯ ಪುಸ್ತಕದಲ್ಲಿ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಅಪಘಾತವಾದಾಗ ಇನ್ಶೂರೆನ್ಸ್ ತಕರಾರು ಬರುತ್ತದೆ.

ರಿಪೇರಿ ಎಲ್ಲ ಆದ ಮೇಲೂ ಏಪ್ರಿಲ್ ಮೇ ಬಿಸಿಲಿನಲ್ಲಿ ಪೂರ್ತಿ ಲೋಡ್ ಕಷ್ಟ ಕೊಡಬಹುದು. ಆಗ ಹೊರಡುವ ಹೊತ್ತು ಬದಲಾಯಿಸಿ. ರೇಡಿಯೇಟರ್ ಹೊರಗೆ ತಳ್ಳುವ ಶಾಖ ನೀರಿಗೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 95, ಮಧ್ಯಾಹ್ನದ ಗಾಳಿ 35 ಆದರೆ ಅಂತರ 60. ನಸುಕಿನಲ್ಲಿ ಗಾಳಿ 22 ಇದ್ದರೆ ಅಂತರ 73. ಪುಕ್ಕಟೆಯಾಗಿ ಐದನೇ ಒಂದು ಭಾಗ ದೊಡ್ಡ ರೇಡಿಯೇಟರ್ ಸಿಕ್ಕಿದ ಹಾಗೆ. ಮಂಜು ಇದ್ದರೆ ಮಾತ್ರ ಅವಸರ ಬೇಡ. ಹತ್ತುವಾಗ ಎಸಿ ಆಫ್. ಮುಳ್ಳು ಏರಿದರೆ ಹೀಟರ್ ಫುಲ್ ಹಾಕಿ ಕಿಟಕಿ ತೆರೆಯಿರಿ. ಒಳಗೆ ಕೂತವರಿಗೆ ಹಿಂಸೆ, ಆದರೆ ಹೀಟರ್ ಒಂದು ಪುಟ್ಟ ರೇಡಿಯೇಟರೇ, ನಿಜವಾಗಿ ಕೆಲಸ ಮಾಡುತ್ತದೆ. ಬಾನೆಟ್ ಅರ್ಧ ಎತ್ತಿ ಓಡಿಸುವುದು ಮಾತ್ರ ಬೇಡ. ಗಾಳಿಯ ದಾರಿ ತಪ್ಪುತ್ತದೆ, ಗಾಳಿ ಹೊಡೆದರೆ ಎದ್ದು ಗ್ಲಾಸಿಗೆ ಬಡಿಯುತ್ತದೆ. ಊಟ ತಿಂಡಿಗೆ ಘಾಟಿಯ ಮಧ್ಯೆ ನಿಲ್ಲಿಸದೆ ಮೇಲೆ ಹತ್ತಿಯೇ ನಿಲ್ಲಿಸಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ಹೇಗೂ ಇದೆ. ಜನರೇಟರನ್ನು ಮೂಡಿಗೆರೆಯಲ್ಲೇ ಬಾಡಿಗೆಗೆ ಹಿಡಿದರೆ ಎಷ್ಟಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಡೀಸೆಲ್, ಸವೆತ ಎಲ್ಲ ಸೇರಿಸಿದರೆ ಎಷ್ಟೋ ಸಲ ಅದೇ ಅಗ್ಗ.

ಮೀಟರಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಈಚಿನ ಗಾಡಿಗಳಲ್ಲಿ ನೀರು 80 ಇರಲಿ, 100 ಇರಲಿ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಕದಲಿದಾಗ ಆಗಲೇ ತಡ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕುವ ಒಬಿಡಿ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ನಿಮ್ಮ ಗಾಡಿಗೆ ಹೊಂದಿದರೆ ಫೋನಿನಲ್ಲಿ ನಿಜವಾದ ಡಿಗ್ರಿ ಕಾಣುತ್ತದೆ. ಘಾಟಿಯಲ್ಲಿ 100 ದಾಟುವುದು ಹೆದರುವ ವಿಷಯ ಅಲ್ಲ. 105ಕ್ಕೆ ಬಂದರೆ ಎಕ್ಸಲರೇಟರ್ ಇಳಿಸಿ, 110ಕ್ಕೆ ಬಂದರೆ ಜಾಗ ನೋಡಿ ಬದಿಗೆ ಹಾಕಿ.

ವಾಪಸ್ ಇಳಿಯುವಾಗ ಇಂಜಿನ್ ತಣ್ಣಗಿರುತ್ತದೆ, ಬಿಸಿಯಾಗುವುದು ಬ್ರೇಕ್. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪೂರ್ತಿ ಭಾರ ಪಿಕಪ್ಪನ್ನು ಹಿಂದಿನಿಂದ ತಳ್ಳುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ತಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಅಭ್ಯಾಸ ಭಾವನವರಿಗೆ ಇದ್ದರೆ ಇಂದೇ ನಿಲ್ಲಿಸಲು ಹೇಳಿ. ಹೀಟ್ ಆದ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಬ್ರೇಕ್ ಹೋದ ಗಾಡಿ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಕ್ಯಾಪ್, ಹೊರಗಿನ ಕ್ಲೀನಿಂಗ್, ಫ್ಯಾನ್ ಕಪ್ಲಿಂಗ್. ಅದೇ ವಾರ ಥರ್ಮೋಸ್ಟಾಟ್ ಮತ್ತು ಫ್ಲಶ್. ಆಮೇಲೆ ಟ್ರಾಲಿ ಇಲ್ಲದೆ, ಅರ್ಧ ಲೋಡಿನಲ್ಲಿ ಎರಡನೇ ಗೇರಿನಲ್ಲಿ ಒಮ್ಮೆ ಹತ್ತಿ ನೋಡಿ. ಬೆಳಗಿನ ಹೋಸ್ ಪರೀಕ್ಷೆಯಲ್ಲಿ ಗ್ಯಾಸ್ಕೆಟ್ ಹೋಗಿದೆ ಅಂತಲೇ ಬಂದರೆ ಬರೀ ಗ್ಯಾಸ್ಕೆಟ್ ಬದಲಿಸಿ ಹೆಡ್ ಕೂರಿಸಲು ಬಿಡಬೇಡಿ. ಹೆಡ್ ಬಾಗಿದೆಯಾ ಅಂತ ಲೇತ್ ಅಂಗಡಿಯಲ್ಲಿ ನೇರ ಪಟ್ಟಿ ಇಟ್ಟು ನೋಡಿಸಿ, ಬಿರುಕಿಗೆ ಪ್ರೆಶರ್ ಟೆಸ್ಟ್ ಮಾಡಿಸಿ, ಹೆಡ್ ಬೋಲ್ಟ್ ಹೊಸದು ಹಾಕಿಸಿ, ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.